ಮದುವೆಗೆ ಹೋದ ತೋರಣ

ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಪ್ರದರ್ಶನಕ್ಕಿಟ್ಟ ವಸ್ತುವೊಂದನ್ನು ಗೋಡೆಯಿಂದ ಇಳಿಸಿ, ಅದರಲ್ಲಿ ಇಡೀ ಹಾಲ್ ಗುಡಿಸಿದೆ. ವಡೋದರಾದ ನಮ್ಮ ವಿಶ್ವವಿದ್ಯಾಲಯದ ಗ್ಯಾಲರಿಯಲ್ಲಿ ಆಗ ಪೊರಕೆಗಳ ಪ್ರದರ್ಶನ ನಡೆದಿತ್ತು. ಪೊರಕೆಯನ್ನೂ ಯಾರಾದರೂ ನೋಡಲು ಬರುತ್ತಾರೆಂದು ನನಗೇನು ಗೊತ್ತು? ಗೋಡೆ ತುಂಬ ನೇತಾಡುತ್ತಿದ್ದ ಪೊರಕೆಗಳನ್ನು ಕಂಡು, ಇಲ್ಲಿಯವರ ಶುಚಿತ್ವಕ್ಕೆ ತಲೆದೂಗಿ, ಇದ್ದುದರಲ್ಲಿ ಚೆಂದದ ಒಂದು ಖರ್ಜೂರದ ಗರಿಯ ಪೊರಕೆಯನ್ನೇ ಆರಿಸಿಕೊಂಡೆ. ಮೂಲೆಯ ಕಸ ಬಾಚುತ್ತಿದ್ದಾಗ ಬೆನ್ನ ಹಿಂದೆ ಗ್ಯಾಲರಿಯ ಮುಖ್ಯಸ್ಥೆ ತರುಲತಾಬೆನ್ ನಿಂತಿದ್ದರು.

"ಚೆನ್ನಾಗಿ ಗುಡಿಸುತ್ತಾ?"

"ಮೂಲೆಗೆ ಚೆನ್ನಾಗಿ ಹೋಗುತ್ತೆ, ಬೆನ್," ಅಂದೆ, ಕೆಲಸ ಹೋಯಿತೆಂದು ಖಾತ್ರಿಯಾಗಿ.

"ಅದರ ಪಕ್ಕ ಅಂಟಿಸಿದ ಚೀಟಿಯಲ್ಲಿ ಅದನ್ನೂ ಬರಿ. ಯಾರೂ ಹೇಳಿರಲಿಲ್ಲ."

ಆ ಪೊರಕೆ ಇವತ್ತಿಗೂ ನಮ್ಮ ಹಾಲಿನ ಗೋಡೆಯ ಮೇಲಿದೆ. 'ಮೂಲೆಗೆ ಚೆನ್ನಾಗಿ ಹೋಗುತ್ತದೆ' ಎಂಬುದು ನಾನು ಬರೆದು ಪ್ರಕಟವಾದ ಏಕೈಕ ವಾಕ್ಯ.

ತರುಬೆನ್ ಗಿಡ್ಡ ಹೆಂಗಸು, ಹತ್ತಿಯ ಸೀರೆ, ಸೊಂಟದಲ್ಲಿ ಅಳತೆಪಟ್ಟಿ. ಸೌರಾಷ್ಟ್ರದ ಹಳ್ಳಿಗಳಿಗೆ ಬಸ್ಸಿನಲ್ಲಿ ಹೋಗಿ, ಜನರ ಮನೆಯ ವಸ್ತುಗಳನ್ನು ಪ್ರದರ್ಶನಕ್ಕೆಂದು ಕೇಳಿ ತರುತ್ತಿದ್ದರು. ಮೊದಲ ಸಲ ಹೋದಾಗ ಏನನ್ನೂ ಕೇಳುತ್ತಿರಲಿಲ್ಲ. ಚಹಾ ಕುಡಿದು, ಆ ವಸ್ತು ನೇತಾಡುವ ಮೊಳೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆದುಕೊಂಡು ಬರುತ್ತಿದ್ದರು. ಗ್ಯಾಲರಿಯಲ್ಲೂ ಅಷ್ಟೇ ಎತ್ತರಕ್ಕೆ ನಾನು ಮೊಳೆ ಹೊಡೆಯಬೇಕು. ಒಂದು ಬೆರಳು ಹೆಚ್ಚಾದರೂ, "ಮೌಲಿಕ್, ಅವರ ಮನೆಯಲ್ಲಿ ಜಿರಾಫೆ ಇಲ್ಲ" ಅನ್ನುತ್ತಿದ್ದರು. ವಸ್ತು ಕೊಟ್ಟ ಅಜ್ಜಿಯರು ನೋಡಲು ಬಂದಾಗ, ಅವರ ಕಣ್ಣು ತಡಕಾಡದೆ ನೇರ ಅಲ್ಲಿಗೇ ಹೋಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಆ ವರ್ಷ ನಮಗೆ ಗಂಡಾಂತರ ಬಂದಿತ್ತು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತುಂಬಿಡಲು ಜಾಗ ಸಾಲದೆ, ಕುಲಪತಿಗಳ ಕಣ್ಣು ನಮ್ಮ ಹಾಲಿನ ಮೇಲೆ ಬಿದ್ದಿತ್ತು. ಮುಂದಿನ ಪ್ರದರ್ಶನ ನೋಡಿ ತೀರ್ಮಾನಿಸುತ್ತೇನೆ ಎಂದಿದ್ದರು. ಹಾಲ್ ಹೋದರೆ ತರುಬೆನ್‌ರ ಅಷ್ಟು ವರ್ಷಗಳ ಕೆಲಸವೂ, ನನ್ನ ಗುತ್ತಿಗೆಯ ನೌಕರಿಯೂ ಹೋದಂತೆಯೇ. ನನಗೆ ಎರಡನೆಯದರ ಚಿಂತೆಯೇ ಹೆಚ್ಚಾಗಿತ್ತು.

ತರುಬೆನ್ 'ಮದುವೆಮನೆಯ ಬಾಗಿಲು' ಎಂದು ಪ್ರದರ್ಶನ ಹೂಡಿದರು. ಹಾಲಿನ ನಡುವೆ ಒಂದು ಹಳೆಯ ಬಾಗಿಲ ಚೌಕಟ್ಟು, ಅದರ ಮೇಲೆ ಅಮ್ರೇಲಿ ಕಡೆಯ ಜೀಲುಬಾ ಎಂಬ ಮುದುಕಿಯ ಮನೆತನದ ಮಣಿತೋರಣ. ಬಿಳಿ ಮಣಿಗಳ ನಡುವೆ ಆನೆ, ಗಣಪತಿ, ಕೆಳಗೆ ಸಾಲಾಗಿ ಎಲೆಗಳು. ಭಿತ್ತಿಪತ್ರದ ಮೇಲೂ ಅದರದೇ ಚಿತ್ರ.

ಉದ್ಘಾಟನೆಯ ಹಿಂದಿನ ದಿನ ಜೀಲುಬಾ ಖುದ್ದಾಗಿ ಬಂದರು, ಕಂಕುಳಲ್ಲಿ ಬಟ್ಟೆಚೀಲ.

"ತೋರಣ ಕೊಡು, ಮಗಳೇ. ಮೊಮ್ಮಗಳ ಮದುವೆ ಬೇಗನೇ ಇಟ್ಟುಬಿಟ್ಟಿದ್ದಾರೆ. ಹುಡುಗ ಫೌಜಿ, ಈಗಲೇ ರಜೆ ಸಿಕ್ಕಿದೆಯಂತೆ. ನಮ್ಮಲ್ಲಿ ಈ ತೋರಣ ಕಟ್ಟದೆ ಯಾವ ಹುಡುಗಿಯೂ ಹೊಸ್ತಿಲು ದಾಟಿಲ್ಲ."

ನಾನು ತರುಬೆನ್‌ರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದೆ: "ಬೀರುವಿನ ಕೀಲಿ ಕಳೆದಿದೆ ಅನ್ನೋಣ. ನಾಳೆ ಒಂದು ದಿನ ದಾಟಿದರೆ ಸಾಕು."

"ತೋರಣ ಬಾಗಿಲ ಮೇಲಿದೆ, ಬೀರು ಎಲ್ಲಿಂದ ಬಂತು? ಸುಳ್ಳನ್ನಾದ್ರೂ ನೆಟ್ಟಗೆ ಹೇಳೋಕೆ ಕಲಿ."

"ಅಲ್ಲಾ ಬೆನ್, ಹಾಲ್ ಹೋಗುತ್ತೆ!"

"ಏಣಿ ಹತ್ತು."

ಇಳಿಸಿದೆ. ಮೆತ್ತನೆ ಮಲ್ ಬಟ್ಟೆ ಸುತ್ತಿ ಕೊಳವೆಗೆ ಸುರುಳಿ ಮಾಡಲು ನಾವಿಬ್ಬರೂ ಉಸಿರು ಹಿಡಿದು ಒದ್ದಾಡಿದೆವು. ಜೀಲುಬಾ ನಗುತ್ತಾ ನಿಂತಿದ್ದರು.

"ಹಸುಗೂಸಾ ಅದು? ಎಷ್ಟು ಮದುವೇಲಿ ಮಕ್ಕಳು ಜೋತಾಡಿದ್ದಾರೆ ಅದಕ್ಕೆ. ಕೊಡು ಇತ್ಲಾಗೆ." ಸುರುಳಿಯನ್ನು ಥೇಪ್ಲಾ ರೊಟ್ಟಿಯ ಡಬ್ಬಿಯ ಪಕ್ಕ ತುರುಕಿಕೊಂಡು, ನನ್ನ ಗಲ್ಲ ಹಿಂಡಿದರು. "ಸೋಮವಾರ ತಂದುಕೊಡ್ತೀನಿ, ಮಗನೇ. ಯಾಕೆ ಅತ್ತೆ ಸತ್ತೋರ ಥರ ಮುಖ ನಿಂದು?"

"ಅತ್ತೆ ಬರಬೇಕಾದ್ರೆ ಮೊದಲು ನೌಕರಿ ಉಳೀಬೇಕು, ಜೀಲುಬಾ," ಅಂದೆ.

ತೋರಣದ ಫೋಟೋವನ್ನೇ ದೊಡ್ಡದು ಮಾಡಿಸಿ ನೇತುಹಾಕೋಣವೆಂದು ಹೇಳಿ ನೋಡಿದೆ. "ಫೋಟೋ ನೋಡೋಕೆ ಇಲ್ಲಿವರೆಗೆ ಯಾಕೆ ಬರಬೇಕು?" ಎಂದ ತರುಬೆನ್, ಮೊಳೆಗಳನ್ನು ಹಾಗೇ ಉಳಿಸಿ, ಬೋಳು ಚೌಕಟ್ಟಿಗೆ ತಮ್ಮ ಕೈಯಾರೆ ಚೀಟಿ ಅಂಟಿಸಿದರು: 'ಮದುವೆಗೆ ಹೋಗಿದೆ.'

ಮರುದಿನ ಕುಲಪತಿಗಳು ಬಂದರು. ಜನವೂ ಬಂದಿತ್ತು. ಹೆಂಗಸರು ಆ ಚೀಟಿ ಓದಿ ನಗುತ್ತಾ, ತಮ್ಮ ತಮ್ಮ ಮನೆಯ ತೋರಣಗಳ ಮಾತೆತ್ತಿ ಅಲ್ಲೇ ನಿಂತುಬಿಟ್ಟಿದ್ದರು. ಕುಲಪತಿಗಳು ಮಾತ್ರ ನಗಲಿಲ್ಲ. ಭಿತ್ತಿಪತ್ರವನ್ನೊಮ್ಮೆ, ಚೌಕಟ್ಟನ್ನೊಮ್ಮೆ ನೋಡಿ, ಎಲ್ಲರಿಗೂ ಕೇಳುವಂತೆ ಅಂದರು: "ಬೆನ್, ಇದ್ದ ಒಂದು ಮುಖ್ಯ ವಸ್ತುವನ್ನೂ ಉಳಿಸಿಕೊಳ್ಳೋಕಾಗದ ಗ್ಯಾಲರಿಗೆ ಇಷ್ಟು ದೊಡ್ಡ ಹಾಲ್ ಯಾಕೆ?"

ನಾನು ಏಣಿಯ ಹಿಂದೆ ಸರಿದೆ. ತರುಬೆನ್, ಚೌಕಟ್ಟಿಗೆ ಕಟ್ಟಿದ್ದ ಉದ್ಘಾಟನೆಯ ಟೇಪು ಕತ್ತರಿಸಲೆಂದು, ಕತ್ತರಿಯಿದ್ದ ತಟ್ಟೆಯನ್ನು ಅವರ ಮುಂದೆ ಹಿಡಿದರು.

"ತಂದಿದ್ದನ್ನ ತೋರಿಸಿ ವಾಪಸ್ ಕೊಡೋಕೆ, ಸಾಹೇಬ್. ಬರೀ ತುಂಬಿಡೋಕೆ ಅಂದ್ರೆ ಯಾವ ಗೋದಾಮಾದ್ರೂ ಸಾಕಲ್ವಾ."