ಬದುವಿನ ಮೇಲಿನ ದೊಡ್ಡವ್ವ

ದೊಡ್ಡವ್ವನ ಬೆನ್ನು ಎಷ್ಟು ಬಾಗಿತ್ತೆಂದರೆ, ಆಕೆಯ ಮುಖ ಎಂಟು ವರ್ಷದ ಹುಡುಗರ ಮುಖಕ್ಕೆ ಸರಿಯಾಗಿ ಬರುತ್ತಿತ್ತು. ದೊಡ್ಡವರೊಂದಿಗೆ ಮಾತಾಡಲು ಕುತ್ತಿಗೆ ಎತ್ತಬೇಕಾಗುತ್ತಿತ್ತು. ನಮ್ಮೊಂದಿಗೆ ಅದು ಬೇಕಿರಲಿಲ್ಲ. ನನಗೆ ಬಳಗವೇನಲ್ಲ, ಓಣಿಗೆಲ್ಲ ಆಕೆ ದೊಡ್ಡವ್ವ.

ಸೂಡಿಯ ಕಡೆಯ ಎರೆಹೊಲಗಳಲ್ಲಿ ನಮ್ಮ ತಾಯಂದಿರು ಕಳೆ ತೆಗೆಯುವಾಗ, ಅದೇ ಕೆಲಸದಲ್ಲಿ ಬೆನ್ನು ಕಳೆದುಕೊಂಡಿದ್ದ ಆಕೆ ಬದುವಿನ ಮೇಲೆ ಕೂಲಿಯವರ ಮಕ್ಕಳನ್ನು ಕಾಯುತ್ತಿದ್ದಳು. ನಮ್ಮಲ್ಲಿ ಕಾಲು ಸೊರಗಿದವನೊಬ್ಬ, ಕಿವಿ ಕೇಳದವಳೊಬ್ಬಳು, ಕಣ್ಣು ಕಾಣದವನೊಬ್ಬ ಇದ್ದರು. "ಇವತ್ತ ಯಾರ ಆಟ?" ಎಂದು ಕೇಳಿ, ಆಕೆಯೇ ಒಬ್ಬರ ತಲೆ ಮುಟ್ಟುತ್ತಿದ್ದಳು. ಆ ದಿನದ ಆಟ ಅವರಿಗೆ ತಕ್ಕ ಹಾಗೆ. ಕಾಲು ಸೊರಗಿದವನ ದಿನ ಎಲ್ಲರೂ ಕುಳಿತೇ ಹಳ್ಳದ ದಂಡೆಯಿಂದ ಜಾರಬೇಕು. ಕಣ್ಣು ಕಾಣದವನ ದಿನ ಎಲ್ಲರೂ ಕಣ್ಣು ಮುಚ್ಚಿ, ಕೈಗೆ ಕೊಟ್ಟ ಎಲೆ ಮೂಸಿ, ತುಂಬೆಯೋ ಬೇವೋ ಲಕ್ಕಿಯೋ ಹೇಳಬೇಕು. ಕಿವಿ ಕೇಳದವಳ ದಿನ ಬಾಯಿ ತೆರೆದವರು ಸೋತಂತೆ. ಮರೆತು ಎದ್ದು ಓಡಿದವರಿಗೆ ಬೈಗುಳ: "ಲೇ ಕುದರೀ, ಕುಂದರ! ಒಬ್ಬರು ಕುಂತ್ರ ಆಟಾನೂ ಕುಂದರತೈತಿ."

"ನನ್ನ ಆಟ ಯಾವಾಗ ದೊಡ್ಡವ್ವಾ?" ಎಂದು ನಾನೊಮ್ಮೆ ಕೇಳಿದೆ.

"ನಿನಗ ಎಲ್ಲಾ ಐತಲ್ಲೋ ತಮ್ಮಾ. ಏನ ಕಮ್ಮಿ ಐತಿ ಅಂತ ಗೊತ್ತಾದ ದಿನಾ ಬಾ."

ನಮ್ಮ ಮನೆಯಲ್ಲಿ ಸಹಿ ಮಾಡಲು ಕಲಿತ ಮೊದಲಿಗ ನಾನು. ಧಾರವಾಡದ ಫ್ರೀ ಬೋರ್ಡಿಂಗಿನಲ್ಲಿ ಉಂಡು ಬಿ.ಎ. ಮುಗಿಸಿದೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆ ಮುಂದಿನದಕ್ಕೆ.

ಏಕೀಕರಣದ ಮರುವರ್ಷ ನಮ್ಮೂರ ಶಾಲೆಗೇ ಮಾಸ್ತರನಾಗಿ ಬಂದೆ. ಶ್ರಾವಣ ಮುಗಿದ ಮೇಲೆ ಗಜೇಂದ್ರಗಡದ ಗುಡ್ಡಕ್ಕೆ ಮಕ್ಕಳನ್ನು ಕರೆದೊಯ್ಯಲು ಚಕ್ಕಡಿ ಗೊತ್ತುಮಾಡಿದೆ. ಶಾಲೆ ತಪಾಸಣೆಯ ಸಾಹೇಬರೂ ಅಲ್ಲಿಗೆ ಬರುವವರಿದ್ದರು. ಹೊರಡುವ ಹೊತ್ತಿಗೆ ದೊಡ್ಡವ್ವ ನೆರೆಮನೆಯ ಹುಡುಗಿಯನ್ನು ಬಾಗಿದ ಬೆನ್ನ ಮೇಲೆ ಹೊತ್ತು ತಂದಳು. ಏಳು ವರ್ಷದ ಆ ಹುಡುಗಿ ನಮ್ಮ ಶಾಲೆಯವಳೇ. ಯಾವುದೋ ಜ್ವರದಲ್ಲಿ ಎರಡೂ ಕಾಲು ಹೋಗಿದ್ದವು. ತಲೆಗೆ ಎಣ್ಣೆ, ಜಡೆಗೆ ರಿಬ್ಬನ್ನು, ಕೈಯಲ್ಲಿ ರೊಟ್ಟಿಯ ಗಂಟು.

"ಗುಡ್ಡ ಭಾಳ ಕಡಿದೈತಿ ದೊಡ್ಡವ್ವಾ. ಮುಂದಿನ ಸಲ ನೋಡೂಣು," ಎಂದೆ.

"ಮುಂದಿನ ಸಲ ಗುಡ್ಡ ಸಣ್ಣದ ಆಕ್ಕೈತೇನು?"

ಚಕ್ಕಡಿಯಲ್ಲಿದ್ದ ಮಕ್ಕಳು ಗೊಳ್ಳೆಂದು ನಕ್ಕರು. ನನಗೆ ಸಿಟ್ಟು ಬಂತು. "ಬಿದ್ದರ ಯಾರ ಜವಾಬ್ದಾರಿ? ಇದು ಸಾಲಿ, ನಿನ್ನ ಬದು ಅಲ್ಲ."

ಆಕೆ ಕುತ್ತಿಗೆ ಎತ್ತಿ ನನ್ನನ್ನು ನೋಡಿದಳು. "ಹೌದ್ರಿ ಮಾಸ್ತರ್ರ," ಎಂದಳು. ಅದುವರೆಗೆ ನಾನು ಆಕೆಗೆ ಬರೀ ತಮ್ಮನಾಗಿದ್ದೆ.

ಬೀಳುವ ಮಾತು ಸುಳ್ಳು. ಚಕ್ಕಡಿಯಲ್ಲಿ ಜಾಗವಿತ್ತು, ಹೊರಲು ನನಗೆ ಗಟ್ಟಿ ಬೆನ್ನಿತ್ತು. ಮಕ್ಕಳನ್ನು ಇಬ್ಬಿಬ್ಬರಾಗಿ ಸಾಲಿನಲ್ಲಿ ಹತ್ತಿಸಿ ಸಾಹೇಬರಿಂದ ಶಭಾಸ್ ಅನ್ನಿಸಿಕೊಳ್ಳಬೇಕಿತ್ತು. ಆ ಹುಡುಗಿ ಬಂದರೆ ಸಾಲು ಕೆಡುತ್ತಿತ್ತು. ಇಷ್ಟೇ. ಸಾಹೇಬರು ಶಭಾಸ್ ಅಂದರು.

ಸಂಜೆ ತಿರುಗಿ ಬಂದಾಗ ಇಬ್ಬರೂ ಹಳ್ಳದ ದಂಡೆಯಲ್ಲಿದ್ದರು. ಭುಜದವರೆಗೆ ಕೆಸರು ಮೆತ್ತಿಕೊಂಡಿದ್ದ ಹುಡುಗಿ, ಚಕ್ಕಡಿ ಇಳಿದವರನ್ನು ಕೂಗಿ ಕೇಳಿದಳು: "ಗುಡ್ಡದಾಗ ಏನ ಆಡಿದ್ರಿ?"

"ಸಾಲಾಗಿ ಹತ್ತಿದ್ವಿ."

"ಮತ್ತ?"

"ಸಾಲಾಗಿ ಇಳದ್ವಿ."

ದೊಡ್ಡವ್ವ ನಗಲಿಲ್ಲ. ನಕ್ಕಿದ್ದರೆ ನಾನೂ ನಕ್ಕು, ತಪ್ಪಾಯಿತು ಅಂದುಬಿಡುತ್ತಿದ್ದೆನೇನೋ. ಬಿ.ಎ. ಪಾಸಾದವನು ಓಣಿಯೆದುರು ಕೂಲಿ ಮುದುಕಿಗೆ ತಪ್ಪಾಯಿತು ಅನ್ನುವುದು ಹೇಗೆ? ನಾಳೆ ಹೇಳಿದರಾಯಿತು ಅಂದುಕೊಂಡೆ. ಐದಾರು ತಿಂಗಳು ಹೀಗೇ ನಾಳೆ ನಾಳೆ ಅನ್ನುತ್ತ ಕಳೆದವು. ಜೋಳದ ಸುಗ್ಗಿಯಲ್ಲಿ ಎರಡು ದಿನ ಮಲಗಿ ಆಕೆ ಹೋಗಿಬಿಟ್ಟಳು. ಮಣ್ಣು ಕೊಡಲು ಹೋದೆ. ಕೊನೆಯವರೆಗೂ ಆಕೆ ನನ್ನನ್ನು ಮತ್ತೆ ತಮ್ಮಾ ಅನ್ನಲಿಲ್ಲ.

ಮುಂದಿನ ಪ್ರವಾಸಕ್ಕೆ ಆ ಹುಡುಗಿಯನ್ನು ನಾನೇ ಹೊತ್ತು ಗುಡ್ಡ ಹತ್ತಿದೆ. ಸಾಹೇಬರಿರಲಿಲ್ಲ, ಸಾಲೂ ಇರಲಿಲ್ಲ. ಮೇಲೆ ತಲುಪಿದೊಡನೆ ಮಕ್ಕಳೆಲ್ಲ ಬಂಡೆಗಳ ನಡುವೆ ಚೆದುರಿದರು. ನಾನು ಅವಳನ್ನು ಹೊತ್ತೇ ನಿಂತು, ಅದು ಸೂಡಿ, ಅದರಾಚೆ ರೋಣ ಎಂದು ಬಯಲು ತೋರಿಸುತ್ತಿದ್ದೆ. ದೊಡ್ಡವ್ವನಿಗೆ ಹೇಳಬೇಕಾದದ್ದನ್ನು ಹೇಳಿ ಮುಗಿಸಿದೆನೆಂಬ ಸಮಾಧಾನ ಆಗಲೇ ಬಂದುಬಿಟ್ಟಿತ್ತು. ಅವಳು ನನ್ನ ಹೆಗಲು ತಟ್ಟಿದಳು.

"ಇಳಸ್ರಿ ಮಾಸ್ತರ್ರ. ನಾ ನೋಡಾಕ ಬಂದಿಲ್ಲ, ಆಡಾಕ ಬಂದೀನಿ."

ಇಳಿಸಿದೆ. ಎರಡೂ ಕೈ ಊರಿ, ಬಂಡೆಯ ಮೇಲೆ ಮಕ್ಕಳತ್ತ ಸರಸರನೆ ಹೋದಳು. ದೊಡ್ಡವ್ವನ ಕೈಯಲ್ಲಿ ಬೆಳೆದ ನನಗೆ, ಅವಳು ಬಾಯಿಬಿಟ್ಟು ಹೇಳುವವರೆಗೂ ಅದು ಹೊಳೆದಿರಲಿಲ್ಲ.