ಅತ್ತೆಯ ಗೇಣು

ನಮ್ಮವರು ಆ ಡಬ್ಬಿಯನ್ನು ಮನೆಗೆ ಎಳೆದುಕೊಂಡು ಬಂದಾಗ ನಾನು ಅಕ್ಕಿ ಆರಿಸುತ್ತ ಕೂತಿದ್ದೆ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಮೊಬೈಲ್ ನೋಡುತ್ತ ಕೂತಿದ್ದೆ. ಗೇಟಿನ ಹತ್ತಿರ ಹಾರ್ನ್ ಕೇಳಿ ಎದ್ದು ನೋಡಿದರೆ ನಮ್ಮ ಕಾರಿನ ಹಿಂದೆ ಎರಡು ಚಕ್ರದ ಒಂದು ಬಿಳಿ ತಗಡಿನ ಪೆಟ್ಟಿಗೆ. ಒಳಗೆ ಮೂರು ಜನ ಒತ್ತಿಕೊಂಡು ಮಲಗುವಷ್ಟು ಹಾಸಿಗೆ, ಹಿಂದಿನ ಬಾಗಿಲು ಎತ್ತಿದರೆ ಒಂದು ಒಲೆ ಹಿಡಿಸುವಷ್ಟು ಅಡುಗೆಮನೆ. ಕುಕ್ ಟೌನಿನ ಯಾವುದೋ ಬಂಗಲೆಯ ಶೆಡ್ಡಿನಲ್ಲಿ ಧೂಳು ತಿನ್ನುತ್ತ ಬಿದ್ದಿದ್ದದ್ದನ್ನು ಪತ್ತೆ ಹಚ್ಚಿ ಕೊಂಡು ತಂದಿದ್ದರು.

“ಇದು ಮನೆ,” ಎಂದರು. ನಮಗೆ ಮನೆ ಇದೆಯಲ್ಲ ಎಂದೆ. ಇದು ರಸ್ತೆ ಮುಗಿದ ಮೇಲೂ ಹೋಗುವ ಮನೆಯಂತೆ. ಕೋಲಾರದ ಆಚೆ, ಬಂಡೆಗುಡ್ಡಗಳ ನಡುವೆ ಅವರ ಗೆಳೆಯರೊಬ್ಬರ ಜಮೀನಿದೆ. ಟಾರು ಮುಗಿದ ಮೇಲೆ ಎತ್ತಿನಗಾಡಿಯ ದಾರಿ, ಆಮೇಲೆ ಒಂದು ಒಣಹಳ್ಳ, ಆಮೇಲೆ ದಾರಿಯೇ ಇಲ್ಲ. ಅಲ್ಲಿಗೆ ನಾವೆಲ್ಲ ಹೋಗಿ ಮೂರು ದಿನ ಇರಬೇಕೆಂಬುದು ಅವರ ಯೋಜನೆ. ನಾನು ಒಂದೇ ಮಾತು ಹೇಳಿದೆ: ಅತ್ತೆ ಬಂದರೆ ನಾನು ಬರುತ್ತೇನೆ.

ಅದು ಸುಮ್ಮನೆ ಹೇಳಿದ ಮಾತಲ್ಲ. ಎರಡು ವರ್ಷದ ಹಿಂದೆ ಅತ್ತೆಯ ಎರಡೂ ಮಂಡಿಗೆ ಆಪರೇಷನ್ ಆಗಿತ್ತು. ಒಂದು ಕಾಲದಲ್ಲಿ ಕೆ.ಆರ್. ಪುರದ ಈ ಮನೆಯಿಂದ ಮಾರತ್ತಹಳ್ಳಿ ಕಡೆಯ ಹೊಲದವರೆಗೆ ತಲೆ ಮೇಲೆ ಬುತ್ತಿ ಹೊತ್ತು ನಡೆದು ಹೋಗಿ, ದಿನವಿಡೀ ರಾಗಿ ಕಳೆ ಕಿತ್ತು, ನಡೆದೇ ವಾಪಸು ಬರುತ್ತಿದ್ದವರು ಅವರು. ಈಗ ಆ ಹೊಲದ ಮೇಲೆ ಗಾಜಿನ ಕಟ್ಟಡವಿದೆ. ಅತ್ತೆಗೆ ಬಚ್ಚಲುಮನೆಯ ಒಂದು ಮೆಟ್ಟಿಲು ಇಳಿಯಲೂ ಯಾರಾದರೂ ಕೈ ಹಿಡಿಯಬೇಕು. ರಾತ್ರಿಗೆ ಮೂರು ಸಲ ಏಳುತ್ತಾರೆ. ಕರೆಯುವುದಿಲ್ಲ, ಸಣ್ಣಗೆ ಒಂದು ಸಲ ಕೆಮ್ಮುತ್ತಾರೆ. ನಾನು ಎದ್ದು ಕೈ ಹಿಡಿಯುತ್ತೇನೆ. ಪ್ರತಿ ಸಲವೂ ನಿನ್ನ ನಿದ್ದೆ ಕೆಡಿಸಿದೆ ಎಂದು ನೊಂದುಕೊಳ್ಳುತ್ತಾರೆ. ಈ ಒಂದು ಕಾರಣಕ್ಕೆ ಎರಡು ವರ್ಷದಲ್ಲಿ ಒಂದು ಮದುವೆಗೆ ಹೋಗಿಲ್ಲ, ತಮ್ಮನ ಮನೆಯಲ್ಲಿ ಒಂದು ರಾತ್ರಿ ಉಳಿದಿಲ್ಲ. ಪರರ ಮನೆಯಲ್ಲಿ ಯಾರನ್ನು ಎಬ್ಬಿಸುವುದು ಎನ್ನುತ್ತಾರೆ.

ಡಬ್ಬಿಯ ವಿಷಯ ಹೇಳಿದಾಗ ಅವರ ಕಣ್ಣು ಹೊಳೆದದ್ದನ್ನು ನಾನು ನೋಡಿದೆ. ಆದರೆ ಅವರು ಕರಾರು ಹಾಕಿದರು. “ನಾನೇ ಇಳೀಬೇಕು, ನಾನೇ ಅತ್ತಬೇಕು. ಯಾರ್‌ನೂ ಎಬ್ಬಿಸಾಕಿಲ್ಲ. ಅಂಗಿದ್ರೆ ಬತ್ತೀನಿ.” ಎಷ್ಟು ಎತ್ತರದ ಮೆಟ್ಟಿಲಾದರೆ ಹತ್ತುತ್ತೀರಿ ಎಂದು ಕೇಳಿದೆ. ಒಂದು ಗೇಣು ಎಂದರು. ಆ ಒಂದು ಪದ ನಮ್ಮನ್ನು ಎಷ್ಟು ಕುಣಿಸಿತೆಂದು ಈಗ ನೆನೆದರೂ ನಗು ಬರುತ್ತದೆ.

ಈ ಕೆಲಸಕ್ಕೆ ನಮ್ಮಪ್ಪ ಕರೆಯದೆಯೇ ಬಂದು ಸೇರಿದರು. ಅವರು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಮನೆಯಲ್ಲಿ ಮುದ್ದೆಯ ದಪ್ಪವನ್ನೂ ಮಿಲಿಮೀಟರಿನಲ್ಲಿ ಹೇಳುವ ಮನುಷ್ಯ. ಅಪ್ಪ ಮತ್ತು ನಮ್ಮವರು ಡಬ್ಬಿಯ ಕೆಳಗೆ ಚಾಪೆ ಹಾಸಿಕೊಂಡು ಮಲಗಿ, ಬರೀ ಕಾಲು ಹೊರಗೆ ಬಿಟ್ಟುಕೊಂಡು, ಇಡೀ ಭಾನುವಾರ ಚರ್ಚೆ ನಡೆಸಿದರು. ಹೀಗೇ ಒಯ್ದರೆ ಮೊದಲನೇ ಕಲ್ಲಿಗೇ ಇದರ ಹೊಟ್ಟೆ ಹರಿಯುತ್ತದೆ, ಆದ್ದರಿಂದ ಎತ್ತರಿಸಬೇಕು ಎಂದು ತೀರ್ಮಾನವಾಯಿತು. ಅಚ್ಚಿನ ಕೆಳಗಿದ್ದ ಸ್ಪ್ರಿಂಗ್ ಪಟ್ಟಿಗಳನ್ನು ಅಚ್ಚಿನ ಮೇಲಕ್ಕೆ ಕೂರಿಸಬೇಕು, ಕಾರಿನ ಅಳತೆಯದೇ ದೊಡ್ಡ ಚಕ್ರ ಹಾಕಬೇಕು, ಕಾರಿಗೂ ಡಬ್ಬಿಗೂ ನಡುವಿನ ಕೊಂಡಿ ಎಲ್ಲ ಕಡೆಗೂ ತಿರುಗುವಂತಿರಬೇಕು, ಧೂಳು ನುಗ್ಗದಂತೆ ಬಾಗಿಲಿಗೆ ರಬ್ಬರು ಸುತ್ತಬೇಕು. ನಾನು ಗೇಣಿನ ಮೆಟ್ಟಿಲನ್ನು ನೆನಪಿಸಿದೆ. ಇಬ್ಬರೂ ಕೆಳಗಿನಿಂದಲೇ ಹೂಂಗುಟ್ಟಿದರು.

ಶಿವಾಜಿನಗರದ ಒಂದು ಗಲ್ಲಿಯಲ್ಲಿ ಅಪ್ಪನಿಗೆ ಪರಿಚಯದ ವೆಲ್ಡಿಂಗ್ ಸಾಹೇಬರೊಬ್ಬರಿದ್ದಾರೆ. ಆರಡಿ ಎತ್ತರ, ಬಿಳಿ ಗಡ್ಡ, ಮೊರದಗಲದ ಕೈ. ನಾನು ಗೇಣು ಎಂದ ಕೂಡಲೇ ಆ ಕೈಯನ್ನು ಗಾಳಿಯಲ್ಲಿ ಬಿಡಿಸಿ ತೋರಿಸಿದರು. “ಫಿಕರ್ ನಕ್ಕೋ ಮೇಡಂ. ಗೇಣು ಗೊತ್ತಿಲ್ವಾ ನಮ್ಗೆ? ಕಬ್ಬಿಣದಲ್ಲಿ ಮಾಡ್ಕೊಡ್ತೀನಿ ಗೇಣು.” ಅಪ್ಪ ಅಷ್ಟಕ್ಕೆ ಬಿಡಲಿಲ್ಲ. ಗೇಣೆಂದರೆ ಒಂಬತ್ತು ಇಂಚು, ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದಾರೆ ಎಂದು ಅದನ್ನು ಮಿಲಿಮೀಟರಿಗೆ ತಿರುಗಿಸಿ ನಕ್ಷೆ ಬರೆದರು. ಸಾಹೇಬರ ಕೈಯೂ ಅಪ್ಪನ ಪುಸ್ತಕವೂ ಒಂದೇ ಲೆಕ್ಕ ಹೇಳಿದ್ದರಿಂದ ಇಬ್ಬರೂ ಹಿಗ್ಗಿ ಇನ್ನೊಂದು ಸುತ್ತು ಚಹಾ ತರಿಸಿದರು.

ಎರಡು ವಾರದ ಮೇಲೆ ತರಲು ಹೋದರೆ ನಮ್ಮ ಡಬ್ಬಿ ಕೊಕ್ಕರೆಯ ಹಾಗೆ ಎದ್ದು ನಿಂತಿತ್ತು. ನಮ್ಮವರು ಅದರ ಸುತ್ತ ಮೂರು ಪ್ರದಕ್ಷಿಣೆ ಹಾಕಿದರು. ಬರುವ ದಾರಿಯಲ್ಲಿ ಹಲಸೂರಿನ ಸಿಗ್ನಲ್ಲಿನಲ್ಲಿ ಸ್ಕೂಟರಿನವರೊಬ್ಬರು ಕಿಟಕಿ ತಟ್ಟಿ ಎಗ್ ರೈಸ್ ಇದೆಯೇ ಎಂದು ಕೇಳಿದರು. ಇಂದಿರಾನಗರದಲ್ಲಿ ಇಬ್ಬರು ಹುಡುಗಿಯರು ಓಡಿ ಬಂದು ಸಂಜೆ ಎಲ್ಲಿ ನಿಲ್ಲಿಸುತ್ತೀರಿ, ಮೋಮೋ ಸಿಗುತ್ತದೆಯೇ ಎಂದರು. ನಮ್ಮವರಿಗೆ ಎಷ್ಟು ಅವಮಾನವಾಯಿತೆಂದರೆ ಬೆನ್ನಿಗಾನಹಳ್ಳಿಯವರೆಗೆ ಕಿಟಕಿಯ ಗಾಜು ಏರಿಸಿಕೊಂಡೇ ಬಂದರು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತ ಬಂದೆ. ಮೋಮೋ ಸಿಗುತ್ತದೆ, ಚಟ್ನಿ ಮುಗಿದಿದೆ ಎಂದು ಹೇಳಿಯೂ ಬಿಟ್ಟಿದ್ದೆ.

ನಗು ಮನೆಯ ಗೇಟಿಗೆ ಬಂದು ನಿಂತಿತು. ಡಬ್ಬಿಯ ನೆಲ ಅತ್ತೆಯ ಸೊಂಟದ ಮಟ್ಟಕ್ಕಿತ್ತು. ಬಾಗಿಲಿನ ಕೆಳಗೆ ಕಬ್ಬಿಣದ ಮೂರು ಮೆಟ್ಟಿಲು. ಅತ್ತೆ ಇದಕ್ಕೆಂದೇ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದರು. ಬಾಗಿಲ ಚೌಕಟ್ಟು ಹಿಡಿದು ಬಲಗಾಲು ಎತ್ತಿದರು. ಪಾದ ಮೆಟ್ಟಿಲಿನ ಅಂಚಿಗೆ ತಾಗಿತು, ಮೇಲೆ ಬರಲಿಲ್ಲ. ಎಡಗಾಲು ಎತ್ತಿದರು, ಅದೂ ಅಷ್ಟೇ. ಅವರು ಸೆರಗು ಸರಿಮಾಡಿಕೊಂಡು ನಮ್ಮ ಕಡೆ ತಿರುಗಿ ನಕ್ಕರು.

“ನೀವು ಓಗ್ಬನ್ನಿ ಕಣವ್ವ. ನಾನು ಮನೆ ನೋಡ್ಕೊಂಡಿರ್ತೀನಿ.”

ಅತ್ತೆಯ ಮುಂದೆ ಅಳಬಾರದೆಂದು ಅಡುಗೆಮನೆಗೆ ಹೋಗಿ ಅತ್ತೆ. ಕನ್ನಡದಲ್ಲಿ ಈ ವಾಕ್ಯ ಬರೆಯುವುದೇ ಒಂದು ಫಜೀತಿ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಹೊರಗೆ ಬಂದು ಇಬ್ಬರು ಗಂಡಸರನ್ನೂ ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬೈದೆ. ಇದರ ಹೊಟ್ಟೆ ಕೆಳಗೆ ಬೀದಿನಾಯಿಗಳು ಸಂಸಾರ ಹೂಡಬಹುದು, ಒಳಗೆ ನಮ್ಮತ್ತೆ ಹೋಗುವಂತಿಲ್ಲ, ಇಂಥ ಮನೆ ಯಾವ ಸಂಪತ್ತಿಗೆ ಎಂದೆ. ಅಪ್ಪ ಮೆಲ್ಲಗೆ ಮೆಟ್ಟಿಲಿಗೆ ಟೇಪು ಹಿಡಿದು, ಸರಿಯಾಗಿ ಒಂದು ಗೇಣೇ ಇದೆಯಲ್ಲ ಪುಟ್ಟಿ, ಒಂದು ಮಿಲಿಮೀಟರೂ ಹೆಚ್ಚಿಲ್ಲ ಎಂದರು.

ಆಗ ಅತ್ತೆ ಬಗ್ಗಿ ತಮ್ಮ ಕೈಯನ್ನು ನೆಲದಿಂದ ಮೆಟ್ಟಿಲಿನತ್ತ ಬಿಡಿಸಿದರು. ಕಿರುಬೆರಳು ನೆಲದಲ್ಲಿ, ಹೆಬ್ಬೆರಳು ಮೇಲೆ. ಹೆಬ್ಬೆರಳಿಗೂ ಮೆಟ್ಟಿಲಿಗೂ ನಡುವೆ ಇನ್ನೂ ಮೂರು ಬೆರಳು ಹಿಡಿಸುವಷ್ಟು ಜಾಗ ಉಳಿಯಿತು. ಅವರ ಕೈ ಮೊದಲೇ ಚಿಕ್ಕದು. ಸಾಲದ್ದಕ್ಕೆ ಯಾವುದೋ ಸುಗ್ಗಿಯಲ್ಲಿ ಕುಡುಗೋಲು ತಾಗಿ ಕಿರುಬೆರಳು ಸೊಟ್ಟಗಾಗಿ, ಪೂರ್ತಿ ಬಿಚ್ಚಿಕೊಳ್ಳುವುದೇ ಇಲ್ಲ.

“ಯಾರ ಗೇಣು ಬೀಗ್ರೆ ಇದು?” ಎಂದು ಅಪ್ಪನನ್ನು ಕೇಳಿದರು. “ನಾನೇಳಿದ್ದು ನನ್ ಗೇಣು.”

ಅಪ್ಪ ತಮ್ಮ ಕೈ ನೋಡಿಕೊಂಡರು. ನಮ್ಮವರು ತಮ್ಮ ಕೈ ನೋಡಿಕೊಂಡರು. ಹತ್ತು ವರ್ಷದ ಮಗಳು ಓಡಿ ಬಂದು ತನ್ನ ಗೇಣನ್ನು ಅಜ್ಜಿಯ ಗೇಣಿನ ಪಕ್ಕ ಇಟ್ಟಳು. ಇಬ್ಬರದೂ ಒಂದೇ ಅಳತೆ. ಮೊದಲು ನಕ್ಕವರು ಅತ್ತೆಯೇ. ಆಮೇಲೆ ಇಡೀ ಅಂಗಳ ನಕ್ಕಿತು, ಅಪ್ಪನಂತೂ ಕೆಮ್ಮು ಹತ್ತಿಕೊಳ್ಳುವಷ್ಟು ನಕ್ಕರು. ಮೂರು ಜನ ಓದಿದವರು, ಒಬ್ಬರು ಅನುಭವಸ್ಥ ಸಾಹೇಬರು, ಯಾರಿಗೂ ಯಾರ ಗೇಣು ಎಂದು ಕೇಳಬೇಕೆಂದು ಹೊಳೆದಿರಲಿಲ್ಲ.

ಮರುದಿನ ಅಪ್ಪನ ಜೊತೆ ಅತ್ತೆಯನ್ನೇ ಶಿವಾಜಿನಗರಕ್ಕೆ ಕರೆದುಕೊಂಡು ಹೋದೆ. ಸಾಹೇಬರು ಅವರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ವಿಷಯ ಕೇಳಿ ಗಡ್ಡ ನೀವಿಕೊಂಡು ತಮ್ಮದೇ ತಪ್ಪೆಂದು ಒಪ್ಪಿಕೊಂಡರು. ಒಂದು ಕಬ್ಬಿಣದ ಹಲಗೆಯ ಮೇಲೆ ಅತ್ತೆ ಕೈಯಿಟ್ಟರು. ಸಾಹೇಬರು ಸೀಮೆಸುಣ್ಣದಿಂದ ಅದರ ಸುತ್ತ ಗೆರೆ ಎಳೆದರು. ಅಪ್ಪ ತಮ್ಮ ವರ್ನಿಯರ್ ಕ್ಯಾಲಿಪರ್ ತೆಗೆದು ಆ ಗೇಣನ್ನು ಅಳೆಯಲು ಹೋದಾಗ, ನಿಮ್ಮ ಯಂತ್ರ ಬೆರಳು ಕಚ್ಚೀತು ಬೀಗ್ರೆ ಎಂದು ಅತ್ತೆ ಗದರಿದರು. ಕೊನೆಗೆ ಸಿಕ್ಕ ಅಳತೆ ಆರಿಂಚಿಗೆ ಒಂದು ನೂಲಿನಷ್ಟು ಕಮ್ಮಿ. ಅಪ್ಪ ನೋಟ್‌ಬುಕ್ಕಿನಲ್ಲಿ ‘ಬೀಗಿತ್ತಿಯವರ ಗೇಣು’ ಎಂದು ತಲೆಬರಹ ಹಾಕಿ ಬರೆದುಕೊಂಡರು. ಆಮೇಲಿನ ಒಂದು ಗಂಟೆ ವರ್ಕ್‌ಶಾಪಿನ ಯಜಮಾನಿಕೆ ಅತ್ತೆಯದು. ಹಿಡಿಕಂಬಿ ಎಲ್ಲಿರಬೇಕು, ಮೆಟ್ಟಿಲು ಎಷ್ಟಗಲ ಇರಬೇಕು, ಒದ್ದೆ ಕಾಲು ಜಾರದಂತೆ ಏನು ಅಂಟಿಸಬೇಕು ಎಲ್ಲವನ್ನೂ ಕುರ್ಚಿಯಿಂದಲೇ ಹೇಳಿದರು.

ಹೊಸ ಮೆಟ್ಟಿಲು ಐದಾಯಿತು. ಎರಡು ಮಡಿಕೆಯಾಗಿ ಮಡಚಿ ಡಬ್ಬಿಯ ನೆಲದಡಿಗೆ ಸೇರಿಕೊಳ್ಳುತ್ತದೆ, ಬಿಚ್ಚಿದರೆ ಪಕ್ಕದಲ್ಲಿ ಕಂಬಿ ಎದ್ದು ನಿಲ್ಲುತ್ತದೆ. ವಿಮಾನದ ಮೆಟ್ಟಿಲು ಎಂದು ಮಗಳು ಹೆಸರಿಟ್ಟಳು. ಅತ್ತೆ ದಿನಾ ಸಂಜೆ ಅಂಗಳದಲ್ಲಿ ಅಭ್ಯಾಸ ಶುರು ಮಾಡಿದರು. ಮೊದಲ ದಿನ ಎರಡು, ಮೂರನೇ ದಿನ ನಾಲ್ಕು, ಐದನೇ ದಿನ ಬಾಗಿಲಲ್ಲಿ ನಿಂತು ಎದುರು ಅಪಾರ್ಟ್‌ಮೆಂಟಿನ ಬಾಲ್ಕನಿಗಳತ್ತ ಕೈ ಬೀಸಿದರು. ಅಲ್ಲಿಂದ ಚಪ್ಪಾಳೆ ಬಂತು. ಇಷ್ಟು ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ನಾನು ಆ ದಿನ ಪಾಯಸಕ್ಕೆ ಎರಡು ಸಲ ಬೆಲ್ಲ ಹಾಕಿದ್ದೆ.

ಹೊರಡುವ ಬೆಳಿಗ್ಗೆ ಚಕ್ರಗಳಿಗೆ ನಿಂಬೆಹಣ್ಣು ಇಡುವಾಗ ಒಂದು ಪ್ರಶ್ನೆ ಎದ್ದಿತು. ಡಬ್ಬಿಯ ಮೂತಿಯ ಕೆಳಗೆ, ಅದನ್ನು ಕಾರಿನಿಂದ ಬಿಚ್ಚಿದಾಗ ಮಾತ್ರ ನೆಲ ಮುಟ್ಟುವ ಒಂದು ಪುಟ್ಟ ಚಕ್ರವಿದೆ. ಅದಕ್ಕೂ ನಿಂಬೆಹಣ್ಣು ಬೇಕೋ ಬೇಡವೋ? ಅದು ಓಡುವ ಚಕ್ರವಲ್ಲ ಎಂದು ಅಪ್ಪ, ಅದೂ ಚಕ್ರವೇ ತಾನೆ ಎಂದು ಅತ್ತೆ. ಅತ್ತೆ ಗೆದ್ದರು. ಆದರೆ ಆ ಚಕ್ರ ಗಾಳಿಯಲ್ಲಿದ್ದದ್ದರಿಂದ ಹಣ್ಣನ್ನು ನಾನು ಕೈಯಿಂದಲೇ ಅದಕ್ಕೆ ಒತ್ತಿ ಹಿಂಡಬೇಕಾಯಿತು.

ಟಾರು ಮುಗಿಯಿತು. ಗಾಡಿದಾರಿಯಲ್ಲಿ ಡಬ್ಬಿ ಎದ್ದು ಬಿದ್ದು ಓಲಾಡಿತು, ಎಲ್ಲೂ ಹೊಟ್ಟೆ ತಾಗಿಸಿಕೊಳ್ಳಲಿಲ್ಲ. ಒಣಹಳ್ಳದ ಉರುಟು ಕಲ್ಲುಗಳನ್ನೂ ಸಲೀಸಾಗಿ ದಾಟಿದಾಗ, ಎತ್ತರಿಸಿದ್ದು ಒಳ್ಳೆಯದೇ ಆಯಿತು ಎಂದು ನಾನು ಒಪ್ಪಿಕೊಂಡೆ. ನಮ್ಮವರು ಇನ್ನೊಂದು ಸಲ ಹೇಳು ಎಂದರು. ಹೇಳಲಿಲ್ಲ.

ಸಂಜೆಗೆ ಮುಂಚೆ ಒಂದು ದೊಡ್ಡ ಬಂಡೆಯ ಮಗ್ಗುಲಲ್ಲಿ ನಿಲ್ಲಿಸಿ ಮೆಟ್ಟಿಲು ಬಿಚ್ಚಿದೆವು. ಕೊನೆಯ ಮೆಟ್ಟಿಲು ಗಾಳಿಯಲ್ಲಿ ತೂಗಾಡಿತು. ನಮ್ಮ ಅಂಗಳ ಸಿಮೆಂಟಿನದು, ಇದು ಇಳಿಜಾರು ನೆಲ. ಮಿಲಿಮೀಟರುಗಳೆಲ್ಲ ಇದ್ದರೂ ಅಪ್ಪನ ನೋಟ್‌ಬುಕ್ಕಿನಲ್ಲಿ ಭೂಮಿ ಇರಲಿಲ್ಲ. ಅಪ್ಪ ತಲೆ ಮೇಲೆ ಕೈಯಿಟ್ಟು ಕೂತರು. ಇಷ್ಟು ದೂರ ಕರೆತಂದು ಮತ್ತೆ ‘ನೀವು ಓಗ್ಬನ್ನಿ’ ಎಂಬ ಮಾತನ್ನೇ ಅತ್ತೆಯ ಬಾಯಲ್ಲಿ ಕೇಳಬೇಕಾಗುತ್ತದೆಂದು ನಾನು ಹೆದರಿದೆ.

ಅತ್ತೆ ಮಾತ್ರ ಏನೂ ಕಳೆದುಕೊಂಡವರಂತೆ ಕಾಣಲಿಲ್ಲ. ಮಣ್ಣು ತೋಡುವಂಥದ್ದು ಏನಿದೆ ಎಂದು ಕೇಳಿದರು. ನಮ್ಮವರು ಹೆಮ್ಮೆಯಿಂದ ತಮ್ಮ ಮಡಚುವ ಸಲಿಕೆ ತಂದುಕೊಟ್ಟರು. “ಇದೇನ್ಲಾ, ಸೌಟಾ?” ಎಂದು ಅದನ್ನು ತಿರುಗಿಸಿ ನೋಡಿ ನಕ್ಕರು. ಆದರೂ ಅದನ್ನೇ ಹಿಡಿದು, ಮಗನಿಗೆ ಎಲ್ಲಿ ಅಗೆಯಬೇಕೆಂದು ತೋರಿಸಿದರು. ತೂಗಾಡುವ ಮೆಟ್ಟಿಲಿನ ಕೆಳಗೆ ಮಣ್ಣು ಸುರಿಸಿ, ನೀರು ಚಿಮುಕಿಸಿ, ಚಪ್ಪಟೆ ಕಲ್ಲು ಹೂಳಿಸಿ, ಅಂಚಿಗೆ ಬದು ಕಟ್ಟಿಸಿದರು. ಆಮೇಲೆ ಚಪ್ಪಲಿ ಬಿಟ್ಟು, ನನ್ನ ಭುಜ ಹಿಡಿದು ಅದರ ಮೇಲೆ ನಿಂತು, ಅಂಗಾಲಿನಿಂದ ಒತ್ತಿ ಒತ್ತಿ ಗಟ್ಟಿ ಮಾಡಿದರು. ಮುಖ ಕೆಂಪಾಗಿತ್ತು, ಕಾಲಿಗೆಲ್ಲ ಮಣ್ಣು. ಮಣ್ಣಿನ ಕೆಲಸ ಅವರಿಗೆ ಇಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಯಾರ ಕಡೆಗೂ ನೋಡದೆ ಕಂಬಿ ಹಿಡಿದು ಹತ್ತಿ ಒಳಗೆ ಹೋಗಿ ಕೂತರು.

ಪಕ್ಕದಲ್ಲಿ ಕಮೋಡಿನ ಚಿಕ್ಕ ಗುಡಾರ ಹಾಕಿದೆವು. ಅಪ್ಪ ಮತ್ತು ನಮ್ಮವರಿಗೆ ಇನ್ನೊಂದು ಗುಡಾರ. ನಾನು, ಮಗಳು, ಅತ್ತೆ ಡಬ್ಬಿಯೊಳಗೆ, ಅತ್ತೆ ಬಾಗಿಲ ಕಡೆ.

ಕಣ್ಣು ಬಿಟ್ಟಾಗ ಬೆಳಕು ಹರಿದಿತ್ತು. ಅತ್ತೆಯ ಹಾಸಿಗೆ ಖಾಲಿ. ಗಾಬರಿಯಿಂದ ಬಾಗಿಲಿಗೆ ಬಂದರೆ, ಅವರು ಕಮೋಡಿನ ಗುಡಾರದ ಕಡೆಯಿಂದ ನಿಧಾನವಾಗಿ ನಡೆದು ಬರುತ್ತಿದ್ದಾರೆ. ನನ್ನನ್ನು ಕಂಡು ಸದ್ದು ಮಾಡಬೇಡವೆಂದು ತುಟಿಯ ಮೇಲೆ ಬೆರಳಿಟ್ಟರು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ನಾನು ಚಾಚಿದ ಕೈ ಅವರಿಗೆ ಕಾಣಲೇ ಇಲ್ಲ. ಬಾಗಿಲ ಅಂಚಿನಲ್ಲಿ ಕೂತು ಉಸಿರು ತಿರುಗಿಸಿಕೊಂಡು, ಪಿಸುಮಾತಿನಲ್ಲಿ ಹೇಳಿದರು.

“ಮೂರು ಸಲ ಇಳಿದೆ, ಮೂರು ಸಲ ಅತ್ತಿದೆ. ನಿಂಗೆ ಎಚ್ಚರಾನೇ ಆಗ್ಲಿಲ್ಲ.”

ಎರಡು ವರ್ಷದಲ್ಲಿ ಮೊದಲ ಸಲ ನಾನು ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿದ್ದೆ. ಅವರು ಯಾರನ್ನೂ ಎಬ್ಬಿಸಿರಲಿಲ್ಲ. ನಾನು ಐದು ಮೆಟ್ಟಿಲು ಒಂದೇ ನೆಗೆತಕ್ಕೆ ಹಾರಿ, ಬರಿಗಾಲಿನಲ್ಲಿ ಓಡಿ, ಗಂಡಸರ ಗುಡಾರದ ಬಟ್ಟೆ ಬಡಿದು, ಕಿರುಚಿ, ಆ ಸುದ್ದಿ ಹೇಳುವುದಕ್ಕಾಗಿ ಎಲ್ಲರನ್ನೂ ಎಬ್ಬಿಸಿದೆ.