ಅತ್ತೆಗೆ ಉಳಿದ ಭಾಷೆ

ಬೆಳ್ಳುಳ್ಳಿ ಹಾಕಿ ಕಾಯಿಸಿದ ಸಾಸಿವೆ ಎಣ್ಣೆಯ ವಾಸನೆ ಯಾರ ಮನೆಯ ಕಿಟಕಿಯಿಂದ ಬಂದರೂ ನಾನು ಈಗಲೂ ದಾರಿಯಲ್ಲೇ ನಿಂತುಬಿಡುತ್ತೇನೆ. ಮೊದಲು ಕಟುವಾಗಿ ಮೂಗಿಗೇರಿ, ಬೆಳ್ಳುಳ್ಳಿ ಕಂದುತ್ತ ಬಂದ ಹಾಗೆ ಮೆತ್ತಗಾಗುವ ವಾಸನೆ ಅದು. ದೆಹಲಿಯ ಪೀತಮ್‌ಪುರದ ನಮ್ಮ ಮನೆಯಲ್ಲಿ ಒಂದು ಇಡೀ ಚಳಿಗಾಲ ಅದು ಪರದೆಗಳಿಗೆ, ಹೊದೆಯುವ ರಜಾಯಿಗಳಿಗೆ, ನನ್ನ ಶಾಲೆಯ ಸ್ವೆಟರಿಗೂ ಹತ್ತಿಕೊಂಡಿತ್ತು. ಪಕ್ಕದ ಮನೆಯ ಪಂಜಾಬಿ ಆಂಟಿ ಹೇಳಿಕೊಟ್ಟ ಆ ಎಣ್ಣೆಯನ್ನು ಅಮ್ಮ ದಿನಾ ಬೆಳಿಗ್ಗೆ ಬಾಲ್ಕನಿಯ ಬಿಸಿಲಿನಲ್ಲಿ ಕೂತು ಅತ್ತೆಯ ಬಲಗೈಗೆ ತಿಕ್ಕುತ್ತಿದ್ದಳು. ಆ ಕೈ ಮಡಿಲಲ್ಲಿ, ಬೇರೆ ಯಾರೋ ಇಟ್ಟು ಮರೆತುಹೋದ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು. ಅದೇ ಕೈಯಲ್ಲಿ ಸೀಮೆಸುಣ್ಣ ಹಿಡಿದು ಅತ್ತೆ ಎಷ್ಟೋ ವರ್ಷ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿದ್ದರು.

ಸುಮಿತ್ರತ್ತೆ ಅಪ್ಪನ ಅಕ್ಕ. ಮೈಸೂರಿನಿಂದ ಓದಲು ದೆಹಲಿಗೆ ಬಂದವರು ಇಲ್ಲೇ ಕೆಲಸ ಹಿಡಿದು, ಮದುವೆಯ ಮಾತು ಬಂದಾಗಲೆಲ್ಲ ನಕ್ಕು ಸುಮ್ಮನಾಗಿ, ಇಲ್ಲೇ ಉಳಿದುಬಿಟ್ಟಿದ್ದರು. ಅಪ್ಪನಿಗೆ ಕೇಂದ್ರ ಸರ್ಕಾರದ ನೌಕರಿ ಸಿಕ್ಕಿದ ಮೇಲೆ ನಾವೂ ದೆಹಲಿಗೆ ಬಂದು ಅವರ ಮನೆಯಲ್ಲೇ ಉಳಿದೆವು, ನಾನು ಬೆಳೆದದ್ದು ಅಲ್ಲೇ. ಮುಂದಿನ ಕೋಣೆಯಲ್ಲಿ ಸೋಫಾ ಇರಲಿಲ್ಲ. ಗೋಡೆಯುದ್ದಕ್ಕೂ ಪುಸ್ತಕ, ಕೂರಲು ಮರದ ಮಂಚದಂಥ ಒಂದು ತಖ್ತು, ನೆಲದ ಮೇಲೆ ಹಾಸಿದ ದರಿ. ಶನಿವಾರ ಬಂತೆಂದರೆ ಅತ್ತೆಯ ವಿದ್ಯಾರ್ಥಿಗಳು ಆ ದರಿಯ ಮೇಲೆ ಕಾಲು ಮಡಿಸಿ ಕೂತು, ಅಮ್ಮ ಮಾಡಿದ ಉಪ್ಪಿಟ್ಟು ತಿನ್ನುತ್ತ ಅರ್ಧ ಇಂಗ್ಲಿಷು ಅರ್ಧ ಹಿಂದಿಯಲ್ಲಿ ವಾದ ಮಾಡುತ್ತಿದ್ದರು. ಅವರು ಹೋದ ಮೇಲೆ ಕೋಣೆಯಲ್ಲಿ ಚಹಾದ, ಒದ್ದೆ ಉಣ್ಣೆಯ, ಸುಲಿದ ಕಿತ್ತಳೆಯ ವಾಸನೆ ಉಳಿದಿರುತ್ತಿತ್ತು. ಅತ್ತೆ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು, ನಾನು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದೆ. ಕನ್ನಡ ನನ್ನ ಕಿವಿಯವರೆಗೆ ಬಂದಿತ್ತು, ಬಾಯಿಗೆ ಇಳಿದಿರಲಿಲ್ಲ. ಅಪ್ಪ ಬೈದರೆ ಅತ್ತೆ, "ಬಿಡೋ, ಬೇಕಾದಾಗ ಬರತ್ತೆ," ಅನ್ನುತ್ತಿದ್ದರು.

ಆ ವಿದ್ಯಾರ್ಥಿಗಳಲ್ಲಿ ನನಗೆ ಹತ್ತಿರದವಳು ಶಬನಮ್ ದೀದಿ. ಬಿಹಾರದ ಗಯಾದವಳು, ಅತ್ತೆಯ ಕೈಕೆಳಗೆ ಪಿಎಚ್.ಡಿ ಮಾಡುತ್ತಿದ್ದಳು. ಸತ್ತವರಿಗೆ ಕೊಟ್ಟ ಮಾತು ಬದುಕಿರುವವರನ್ನು ಕಟ್ಟಿಹಾಕುತ್ತದೆಯೇ ಎಂಬುದು ಅವಳ ವಿಷಯ. ಕೇಳುವವನೇ ಇಲ್ಲದ ಮೇಲೆ ಮಾತು ಯಾರದು? ಇದು ಅವಳಿಗೆ ಬರೀ ಓದಿನ ಪ್ರಶ್ನೆಯಾಗಿರಲಿಲ್ಲವೆಂದು ಅಮ್ಮನಿಗೆ ಗೊತ್ತಿತ್ತು, ಅಮ್ಮನಿಂದ ನನಗೂ. ಓದು ಮುಗಿಸಿ ಊರಿಗೇ ಬಂದು ಪಾಠ ಹೇಳುತ್ತೇನೆಂದು ಅವಳು ಸಾಯುತ್ತಿದ್ದ ತಂದೆಗೆ, ಅವಳ ಅಬ್ಬೂಗೆ, ಮಾತು ಕೊಟ್ಟಿದ್ದಳು. ಈಗ ಅವಳಿಗೆ ದೆಹಲಿ ಬಿಟ್ಟು ಹೋಗಲು ಮನಸ್ಸಿರಲಿಲ್ಲ.

ಆಗಷ್ಟೇ ನಮ್ಮ ಕಡೆ ಮೆಟ್ರೋ ಓಡಲು ಶುರುವಾಗಿತ್ತು. ಅತ್ತೆ ಸಂಭ್ರಮದಿಂದ ಅದರಲ್ಲೇ ಕ್ಯಾಂಪಸ್ಸಿನ ದಾರಿ ಹಿಡಿಯುತ್ತಿದ್ದರು. ಡಿಸೆಂಬರಿನ ಒಂದು ಬೆಳಿಗ್ಗೆ ಹಾಗೆ ಹೋದವರು ಪಾಠದ ನಡುವೆ ಒಂದು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿದರು. ಯೋಚಿಸಲು ಹೀಗೆ ತಟ್ಟನೆ ಸುಮ್ಮನಾಗುವುದು ಅವರ ಅಭ್ಯಾಸವಾಗಿತ್ತು. ಆದ್ದರಿಂದ ತರಗತಿಯವರೆಲ್ಲ ಪೆನ್ನು ಹಿಡಿದು ಕಾದರು. ಅತ್ತೆ ಅವರನ್ನು ನೋಡುತ್ತ ನಿಂತಿದ್ದರು, ಅವರು ಅತ್ತೆಯನ್ನು ನೋಡುತ್ತ ಕೂತಿದ್ದರು. ಕೈಯಿಂದ ಸೀಮೆಸುಣ್ಣ ಬಿದ್ದು ಉರುಳಿದಾಗ ಹಿಂದಿನ ಬೆಂಚಿನಲ್ಲಿದ್ದ ಶಬನಮ್ ದೀದಿ ಎದ್ದು ಓಡಿದಳಂತೆ. ನಾನು ಆ ಕೋಣೆಯನ್ನು ನೋಡಿಯೇ ಇಲ್ಲ. ಆದರೂ ಎಲ್ಲರೂ ಕಾಯುತ್ತಿದ್ದ ಆ ಹೊತ್ತು ನನ್ನ ಕಣ್ಣೆದುರೇ ನಡೆದ ಹಾಗೆ ಎಷ್ಟೋ ಸಲ ಬಂದು ನಿಂತಿದೆ.

ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿ ಮರಳಿದ ಅತ್ತೆಯ ಬಾಯಲ್ಲಿ ಇಂಗ್ಲಿಷು ಇರಲಿಲ್ಲ, ಹಿಂದಿ ಇರಲಿಲ್ಲ. ಯಾರು ಏನು ಹೇಳಿದರೂ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಕನ್ನಡದಲ್ಲಿ, ಅದೂ ತುಂಡು ತುಂಡಾಗಿ ಬರುತ್ತಿತ್ತು. ಕೆಲವರಿಗೆ ಹೀಗೂ ಆಗುತ್ತದೆ, ಮೊದಲು ಕಲಿತದ್ದು ಕೊನೆಗೆ ಉಳಿಯಬಹುದು ಎಂದು ಡಾಕ್ಟರು ಅಪ್ಪನಿಗೆ ಹೇಳಿದ್ದರು. ಇಲಾಖೆಯವರು ಶಬನಮ್ ದೀದಿಗೆ ಬೇರೆ ಮಾರ್ಗದರ್ಶಕರನ್ನು ಕೊಟ್ಟರು. ಉಳಿದ ವಿದ್ಯಾರ್ಥಿಗಳು ಒಂದೆರಡು ಸಲ ಹಣ್ಣು ತಂದು, ತಖ್ತಿನ ಅಂಚಿನಲ್ಲಿ ಕೂತು, ಏನು ಮಾತಾಡುವುದೆಂದು ತಿಳಿಯದೆ ಎದ್ದು ಹೋದರು. ದೀದಿ ಮಾತ್ರ ಜನವರಿಯ ಮಂಜಿನಲ್ಲಿ ಮಫ್ಲರು ಸುತ್ತಿಕೊಂಡು ಎಂದಿನಂತೆ ಶನಿವಾರವೇ ಬಂದು, ದರಿಯ ಮೇಲೆ ಕೂತು, "ಮ್ಯಾಮ್, ಮೂರನೇ ಅಧ್ಯಾಯ ಓದಲಾ?" ಎಂದು ಕೇಳಿದಳು.

ಅತ್ತೆ ಕೇಳಿಸಿಕೊಂಡರು. ಆಮೇಲೆ ಏನೋ ಹೇಳಿದರು. ಅಪ್ಪ ಆಫೀಸಿನ ಕೆಲಸಕ್ಕೆ ಹೋಗಿದ್ದರು, ಅಮ್ಮ ಅಡುಗೆಮನೆಯಲ್ಲಿದ್ದಳು. ದೀದಿ ನನ್ನ ಮುಖ ನೋಡಿದಳು. ಹೀಗೆ, ಕನ್ನಡದಲ್ಲಿ ಒಂದು ವಾಕ್ಯ ನೆಟ್ಟಗೆ ಆಡಲಾರದ ನಾನು ಅವರಿಬ್ಬರ ನಡುವಿನ ದುಭಾಷಿಯಾದೆ. ಅತ್ತೆ ಒಂದು ಪದ ಹೇಳಿ, ಇನ್ನೊಂದಕ್ಕೆ ಕಣ್ಣು ಮುಚ್ಚಿ ತಡಕಾಡುತ್ತಿದ್ದರು. ಸಿಕ್ಕಿದ್ದನ್ನು ನಾನು ಬಾಯಲ್ಲಿ ಒಮ್ಮೆ ಹೇಳಿ ನೋಡುತ್ತಿದ್ದೆ, ಅತ್ತೆ ತಲೆಯಾಡಿಸಿದರೆ ಹಿಂದಿಗೆ ತಿರುಗಿಸುತ್ತಿದ್ದೆ. ಅತ್ತೆಯ ಮಾತನ್ನು ಅವರ ಬಾಯಿಂದ ಬಂದ ಹಾಗೇ, ಅದೇ ನಿಲುಗಡೆಗಳ ಸಮೇತ ಹೇಳಿ ಹೇಳಿ ನನ್ನ ನಾಲಿಗೆಗೆ ಕನ್ನಡ ಬಂತು.

ಒಂದು ಶನಿವಾರ ಅತ್ತೆ "ಹಂಗು" ಅಂದರು. ನಾನು ಆ ಪದ ಅದುವರೆಗೆ ಕೇಳಿರಲಿಲ್ಲ. ಅಮ್ಮನನ್ನು ಕೇಳಿ ಬಂದು, "ಎಹ್ಸಾನ್," ಅಂದೆ. ಅತ್ತೆ ಎಡಗೈಯಿಂದ ತಖ್ತಿನ ಮೇಲೆ ಬಡಿದರು, ಅಲ್ಲ. ಉಪಕಾರವೂ ಅಲ್ಲ, ಕರ್ತವ್ಯವೂ ಅಲ್ಲ. ದೀದಿ ಹೇಳಿದ ಒಂದೊಂದು ಇಂಗ್ಲಿಷ್ ಪದಕ್ಕೂ ಅತ್ತೆ ತಲೆ ಅಲ್ಲಾಡಿಸುತ್ತ ಹೋದರು. ಸಿಟ್ಟಿನಿಂದ ಅವರ ಕಣ್ಣಲ್ಲಿ ನೀರು ತುಂಬಿತು. ಕಲಿಸುವುದನ್ನೇ ಬದುಕು ಮಾಡಿಕೊಂಡವರಿಗೆ ಗೊತ್ತಿರುವುದನ್ನು ಹೇಳಲಾಗದ ಹಿಂಸೆ ಎಂಥದೆಂದು ನಾನು ಅಂದು ನೋಡಿದೆ. ಕೊನೆಗೆ ಅತ್ತೆ ಕೈ ಚಾಚಿ ನನ್ನ ಜಡೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದರು.

"ಏಳು," ಅಂದರು.

ನಾನು ಏಳಲು ಹೋದೆ, ತಲೆ ಹಿಂದಕ್ಕೆ ಜಗ್ಗಿತು.

"ಇದು... ಹಂಗು. ಬಿಡಿಸ್ಕೊಂಡು... ಹೋಗಬಹುದು. ಯಾರೂ... ಬೇಡ ಅನ್ನಲ್ಲ." ಸ್ವಲ್ಪ ಹೊತ್ತು ಪದ ಹುಡುಕಿದರು. "ನೋಯತ್ತೆ. ಅಷ್ಟೇ."

ನಾನು ತಿರುಗಿಸಿ ಹೇಳಿದೆ. ದೀದಿ ಬರೆದುಕೊಳ್ಳಲಿಲ್ಲ. ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು, "ಹಿಡಿದಿರುವ ಕೈಯೇ ಇಲ್ಲದಿದ್ದರೂ ನೋಯುತ್ತದಾ, ಮ್ಯಾಮ್?" ಎಂದು ಕೇಳಿದಳು. ಅತ್ತೆ ತಮ್ಮ ಬಲಗೈಯನ್ನು ನೋಡಿಕೊಂಡರು, ಆಮೇಲೆ ಅವಳನ್ನು ನೋಡಿದರು. "ಆಗಲೇ... ಜಾಸ್ತಿ," ಅಂದರು. ಇನ್ನು ಒಂದೇ ಅಧ್ಯಾಯ ಬಾಕಿ ಇದೆ, ಅದನ್ನೂ ನಿಮಗೇ ಮೊದಲು ಓದುತ್ತೇನೆ ಎಂದು ದೀದಿ ಹೇಳಿ ಹೊರಟಳು.

ಹೋಳಿ ಹಬ್ಬಕ್ಕೆ ಇನ್ನೂ ಸ್ವಲ್ಪ ದಿನವಿತ್ತು. ಬಿಸಿಲು ಚುರುಗುಟ್ಟಲು ಶುರುವಾಗಿ, ಅಮ್ಮ ರಜಾಯಿಗಳನ್ನು ಒಣಹಾಕುತ್ತಿದ್ದ ಒಂದು ಬೆಳಿಗ್ಗೆ ಅತ್ತೆ ಬಾಲ್ಕನಿಯ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು. ನಿಗಮ್‌ಬೋಧ್ ಘಾಟಿನ ಸ್ಮಶಾನದಲ್ಲಿ ಹಳೆಯ ವಿದ್ಯಾರ್ಥಿಗಳು ಗುಂಪುಗುಂಪಾಗಿ ನಿಂತಿದ್ದರಂತೆ. ನನ್ನನ್ನು ಕರೆದುಕೊಂಡು ಹೋಗಲಿಲ್ಲ.

ಕೆಲವು ವಾರ ಕಳೆದು ಒಂದು ಶನಿವಾರ ದೀದಿ ಬಂದಳು. ಅಮ್ಮನೊಡನೆ ಹೆಚ್ಚು ಮಾತಾಡಲಿಲ್ಲ. ಮುಂದಿನ ಕೋಣೆಗೆ ಹೋಗಿ ದರಿಯ ಮೇಲೆ ತನ್ನ ಜಾಗದಲ್ಲಿ ಕೂತು, ಅತ್ತೆಯ ಖಾಲಿ ತಖ್ತಿನ ಕಡೆ ಮುಖ ಮಾಡಿ, ಕೊನೆಯ ಅಧ್ಯಾಯವನ್ನು ಓದತೊಡಗಿದಳು. ನನ್ನನ್ನು ಯಾರೂ ಕರೆಯಲಿಲ್ಲ. ಆದರೂ ಹೋಗಿ ತಖ್ತಿನ ಪಕ್ಕ ನನ್ನ ಜಾಗದಲ್ಲಿ ಕೂತೆ. ಅತ್ತೆ ತಡೆಯುತ್ತಿದ್ದರು ಅನ್ನಿಸಿದ ಕಡೆಯಲ್ಲೆಲ್ಲ ಅವಳು ತಾನೇ ನಿಂತು ಕಾಯುತ್ತಿದ್ದಳು. ಆ ಮೌನದಲ್ಲಿ ನಾನೂ ಕಿವಿಗೊಟ್ಟು ಕೂತಿರುತ್ತಿದ್ದೆ. ಏನಾದರೂ ಕೇಳಿಸಿದರೆ ತಿರುಗಿಸಿ ಹೇಳುವುದು ನನ್ನ ಕೆಲಸವಾಗಿತ್ತು. ಒಮ್ಮೆ ಕೇಳಿಸಿತೆಂದೇ ಅನ್ನಿಸಿ ಬಾಯಿ ತೆರೆದೆ. ದೀದಿ ತಲೆಯೆತ್ತಿ ನೋಡಿದಳು. ಹೇಳಲು ಏನೂ ಇರಲಿಲ್ಲ. ಅಮ್ಮ ಬಾಗಿಲಲ್ಲಿ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು.

ಪ್ರಬಂಧದಲ್ಲಿ ದೀದಿ "ಹಂಗು" ಪದವನ್ನು ಅನುವಾದಿಸದೆ ಹಾಗೇ ಉಳಿಸಿಕೊಂಡಳು. ಪದವಿ ಬಂದ ಮೇಲೆ ದೆಹಲಿಯಲ್ಲಿ ಕೆಲಸ ಸಿಗುವಂತಿದ್ದರೂ ಗಯಾಕ್ಕೆ ಹೋದಳು. ಅಲ್ಲಿನ ಒಂದು ಕಾಲೇಜಿನಲ್ಲಿ ಈಗಲೂ ಪಾಠ ಹೇಳುತ್ತಾಳೆ. ನೋವು ಹೋಯಿತೇ ಎಂದು ನಾನು ಕೇಳಿಲ್ಲ. ಪೀತಮ್‌ಪುರದ ಆ ಕಟ್ಟಡವನ್ನು ಕೆಡವಿ ಬಿಲ್ಡರು ನಾಲ್ಕು ಅಂತಸ್ತು ಎಬ್ಬಿಸಿದ. ಅತ್ತೆಯ ಪುಸ್ತಕಗಳು ಯಾವ್ಯಾವುದೋ ಗ್ರಂಥಾಲಯಗಳಿಗೆ ಹೋದವು. ಅಮ್ಮನೂ ಹೋದಳು. ನಾನು ದೆಹಲಿಯಲ್ಲೇ ಸಾಹಿತ್ಯ ಕಲಿಸುತ್ತೇನೆ, ಅಪ್ಪ ನನ್ನೊಡನಿದ್ದಾರೆ. ನನ್ನ ಹಿಂದಿ, ಇಂಗ್ಲಿಷು ಸರಾಗವಾಗಿವೆ. ಕನ್ನಡದಲ್ಲಿ ಮಾತ್ರ ಪದಪದಕ್ಕೂ ನಿಲ್ಲುತ್ತೇನೆ. ದೆಹಲಿಯಲ್ಲಿ ಬೆಳೆದವಳಲ್ಲವೇ ಎಂದು ಮೈಸೂರಿನ ನೆಂಟರು ಅಂದುಕೊಳ್ಳುತ್ತಾರೆ.

ಮೊನ್ನೆ ಅವರಲ್ಲೊಬ್ಬರ ಜೊತೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದೆ. ಒಳಗೆ ಮಲಗಿದ್ದ ಅಪ್ಪ ಎದ್ದು, ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು. ನಾನು ಫೋನು ಇಟ್ಟೆ.

"ಅಕ್ಕ ಮಾತಾಡಿದ ಹಾಗಾಯ್ತು," ಅಂದರು.

"ನಾನೇ, ಅಪ್ಪ."

"ಗೊತ್ತು," ಅಂದು ನಿಧಾನವಾಗಿ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. "ಇನ್ನೂ ಸ್ವಲ್ಪ ಮಾತಾಡು."